ನಡುವಿನಿಂದ ನೆಟ್ಟಗಾದ ಕಂಬ

"ಮಾವ, ಬಲಗಾಲು ಇನ್ನೂ ಸ್ವಲ್ಪ ಎತ್ತು."

"ನನ್ನದಾ, ಸ್ಟ್ಯಾಂಡಿಂದಾ?"

"ಸ್ಟ್ಯಾಂಡಿಂದು!"

ಸೋದರಮಾವ ಕೆಥೆಡ್ರಲ್ಲಿನ ತಣ್ಣನೆಯ ಕಲ್ಲುಹಾಸಿನ ಮೇಲೆ ಮಂಡಿಯೂರಿ ಕ್ಯಾಮೆರಾ ಸ್ಟ್ಯಾಂಡಿನ ತಿರುಪು ಸಡಿಲಿಸಿದ. ಅವಳು ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಕಂಬವೇನೋ ನೆಟ್ಟಗಾಯಿತು, ಆದರೆ ಸ್ಟ್ಯಾಂಡಿನ ಮೇಲೆ ಮಟ್ಟ ತೋರಿಸುವ ಗುಳ್ಳೆ ಅಂಚಿಗೆ ಓಡಿತ್ತು. ಗುಳ್ಳೆಯನ್ನು ನಡುವಿಗೆ ತಂದರೆ ಕಂಬ ವಾಲುತ್ತಿತ್ತು. ಬೆಳಗಿನಿಂದ ಇದೇ ಜಗಳ.

"ಈ ಸ್ಟ್ಯಾಂಡೇ ಸರಿಯಿಲ್ಲ."

"ಹೌದಮ್ಮಾ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

ಅವಳಿಗೆ ರೇಗಿತು. ಬೀಗದ ಕೈಗೊಂಚಲನ್ನು ದಾರಕ್ಕೆ ಕಟ್ಟಿ, ದೀಪ ಬದಲಿಸುವವರ ಏಣಿ ಹತ್ತಿ, ಕಂಬದ ಮೈಗೆ ತಾಗಿಸಿ ದಾರ ಇಳಿಬಿಟ್ಟಳು. ಗೊಂಚಲು ತೂಗಾಡಿ ನಿಂತಿತು. ಕೆಳಗೆ ಕಂಬಕ್ಕೂ ದಾರಕ್ಕೂ ನಡುವೆ ಮಾವನ ಅಂಗೈ ಸಲೀಸಾಗಿ ಹಿಡಿಯಿತು.

"ಅಯ್ಯೋ, ನೆಲಾನೇ ಡೊಂಕು ಕಣೇ!"

ಏಣಿಯ ಮೇಲೆ ಅವಳ ಮುಖದ ಮುಂದೆಯೇ ಕಂಬದಲ್ಲಿ ಒಂದು ಸಾಲು ಕಲ್ಲುಗಳಿದ್ದವು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ, ಬೇಕೆಂದೇ ಓರೆಯಾಗಿ ಕಡಿದವು. ಕೆಳಗೆ ವಾಲಿದ್ದ ಕಂಬ ಆ ಸಾಲಿನ ಮೇಲಿಂದ ನೆಟ್ಟಗೆ ಕಮಾನಿನವರೆಗೆ ಏರಿತ್ತು.

"ಅದಾ?" ಜಪಮಣಿ ಎಣಿಸುತ್ತಾ ಬಂದ ಪಾದ್ರಿಗಳು ತಲೆಯೆತ್ತಿದರು. "ಅರ್ಧ ಕಟ್ಟೋ ಹೊತ್ತಿಗೆ ನೆಲ ಕುಸೀತಂತೆ. ಕೆಡವಲಿಲ್ಲ. ಕುಸಿಯೋದು ನಿಲ್ಲೋವರೆಗೂ ವರ್ಷಗಟ್ಟಲೆ ಕಾದು, ಆಮೇಲೆ ಅಲ್ಲಿಂದ ಮೇಲಕ್ಕೆ ಕಟ್ಟಿದ್ರು."

ಪಾಯ ಹಾಕಿದವರು ಈ ಚಾವಣಿಯನ್ನು ನೋಡಿಯೇ ಇರಲಿಲ್ಲವೇನೋ. ಮುಂದೆ ಬಂದವರು ಹಿಂದಿನವರ ವಾಲಿಕೆಯನ್ನು ಮುಚ್ಚಿಡಲಿಲ್ಲ, ಮುಂದುವರಿಸಲೂ ಇಲ್ಲ. ಅವಳು ಆ ಓರೆಯಾದ ಕಲ್ಲನ್ನು ಸವರಿದಳು. ಹೋದ ತಿಂಗಳು ಪಾದ್ರಿಗಳಿಗೆ ತೋರಿಸಿದ ಚಿತ್ರದಲ್ಲಿ ಇದೇ ಕಂಬವನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಎಳೆದಿದ್ದಳು. ಯೋಚಿಸಿ ಮಾಡಿದ್ದಲ್ಲ, ಮದುವೆ ಆಲ್ಬಮ್‌ಗಳಲ್ಲಿ ಪಳಗಿದ ಕೈ ತಾನೇ ಮಾಡಿಬಿಟ್ಟಿತ್ತು. ಆ ಚಿತ್ರ ನೋಡಿಯೇ ಅವರು ಕೆಥೆಡ್ರಲ್ಲಿನ ಪುಸ್ತಕದ ಕೆಲಸ ಕೊಟ್ಟಿದ್ದು. ಆಲ್ಬಮ್‌ಗಳಿಂದ ಪಾರಾಗಲು ಸಿಕ್ಕ ಮೊದಲ ದಾರಿ ಅದು.

ಕೆಳಗಿಳಿದು ಗುಳ್ಳೆಯನ್ನು ನಡುವಿಗೆ ತಂದು ಕ್ಲಿಕ್ಕಿಸಿದಳು. ಪಾದ್ರಿಗಳು ಕ್ಯಾಮೆರಾ ಪರದೆಗೆ ಬಾಗಿದರು.

"ಹಿಂದಿನದೇ ಚೆನ್ನಾಗಿತ್ತಲ್ಲಮ್ಮಾ. ಇದನ್ನ ನೋಡಿದ್ರೆ ಜನ ಒಳಗೆ ಬರೋಕೇ ಹೆದರ್ತಾರೆ."

"ಇಷ್ಟು ಕಾಲ ನಿಂತಿದೆಯಲ್ಲ, ಫಾದರ್."

"ಅದು ನಂಗೂ ನಿಂಗೂ ಗೊತ್ತು. ಹಳೇದನ್ನ ಕೊಡು, ಮುಖಪುಟಕ್ಕೆ ಹಾಕ್ತೀನಿ. ನಿನ್ನ ಹೆಸರು ದಪ್ಪಕ್ಷರದಲ್ಲಿ. ಇಲ್ಲಾಂದ್ರೆ ಬೇರೆಯವರನ್ನ ಕರೆಸಬೇಕಾಗುತ್ತೆ."

ಮಾವ ಅವಳ ಕಿವಿಯ ಬಳಿ ಬಂದ. "ಒಪ್ಕೊಳ್ಳೇ. ಮಗಳ ಮದುವೆ ಆಲ್ಬಮ್‌ನಲ್ಲಿ ನನ್ನ ಹೊಟ್ಟೇನೇ ಕರಗಿಸಿದವಳಿಗೆ ಕಂಬ ಯಾವ ಲೆಕ್ಕ?"

ಅವಳಿಗೆ ನಗು ಬಂತು. ದಾರ ಸುತ್ತಿ ಕೈಗೊಂಚಲನ್ನು ಜೇಬಿಗಿಳಿಸಿದಳು.

"ಏನಂತೀಯಮ್ಮಾ? ಕೊಡ್ತೀಯಲ್ಲ?"

"ಕೊಡಲ್ಲ."