ಮೊದಲ ಮಗು

"ಅಲುಗಾಡಿಸಬೇಡಮ್ಮ, ಗೆರೆ ಸೊಟ್ಟ ಹೋಗತ್ತೆ," ಎಂದಳು ಜೋವಿ.

ಶವಪೆಟ್ಟಿಗೆಯ ಗಾಜಿನ ಮುಚ್ಚಳವನ್ನು ಅಮ್ಮ ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡಿದ್ದಳು. ಜೋವಿ ಒಳಕ್ಕೆ ಬಾಗಿ ತನ್ನ ಹುಬ್ಬಿನ ಪೆನ್ಸಿಲಿನಿಂದ ಅಪ್ಪನ ಮೇಲ್ದುಟಿಯ ಮೇಲೆ ಮೀಸೆ ಬರೆಯುತ್ತಿದ್ದಳು. ಪೌಡರು ಮೆತ್ತಿದ ತಣ್ಣನೆಯ ಚರ್ಮದ ಮೇಲೆ ಪೆನ್ಸಿಲು ಜಾರುತ್ತಿತ್ತು. ಮೂಗಿನಿಂದ ತುಟಿಯವರೆಗೆ ಇಳಿದಿದ್ದ ಹಳೆಯ ಗಾಯದ ಗುರುತಿನ ಮೇಲಂತೂ ಬಣ್ಣ ನಿಲ್ಲುತ್ತಲೇ ಇರಲಿಲ್ಲ.

ರಾತ್ರಿ ಜಾಗರಣೆ ಮುಗಿಯುವವರೆಗೂ ಅಪ್ಪನಿಗೆ ಮೀಸೆ ಇತ್ತು. ಬೆಳಗಿನ ಹೊತ್ತು ತಾಯಿ ಮಗಳು ಬಟ್ಟೆ ಬದಲಿಸಲು ಮನೆಗೆ ಹೋಗಿದ್ದಾಗ, ಶವಾಗಾರದ ಮನುಷ್ಯ ಕೊನೆಯ ಸಲ ಪೌಡರು ಹಚ್ಚುವ ನೆವದಲ್ಲಿ ಬಂದು ಬೋಳಿಸಿ ಹೋಗಿದ್ದ.

"ಯಾರು ಹೇಳಿದ್ರಂತೆ ಅವನಿಗೆ?"

"ಇನ್ಯಾರು ಹೇಳ್ತಾರೆ? ಕ್ಲಬ್ಬಿನ ಮ್ಯಾಡಮ್ಮು," ಎಂದಳು ಅಮ್ಮ ಹಸಿಂತಾ. "ಫೋಟೋ ಪಕ್ಕದಲ್ಲಿಟ್ಟು ನೋಡಿದ್ರೆ ಗುರುತು ಕಾಣಬೇಕಂತೆ. ಆಸ್ಟ್ರೇಲಿಯಾದವರು ಬಂದಿದಾರಲ್ಲ."

"ಸತ್ತ ಮೇಲೂನಾ?"

ಅಮ್ಮ ಮುಚ್ಚಳದ ಹಿಡಿತ ಬದಲಿಸಿಕೊಂಡಳು. ಗಾಜು ಭಾರವಾಗಿತ್ತು.

ಪುಂತಾ ಲಾರ್ಗಾದ ಬಂದರು ರಸ್ತೆಯಲ್ಲಿದ್ದ ತಾಬಂಗ್ ಸೇವಾ ಕ್ಲಬ್ಬಿನ ಸಭಾಂಗಣ ಅದು. ಪ್ರುದೆನ್ಸಿಯೊ ಗಾಲ್ವೇಸನ, ಅಂದರೆ ಬಂದರಿನವರ ಡೆನ್ಸ್ಯೊನ, ಹೆಣವನ್ನು ಅವನ ಮನೆಯಲ್ಲಿಡದೆ ಇಲ್ಲಿ ಇಟ್ಟದ್ದು ಮ್ಯಾಡಮ್ಮಿನ ತೀರ್ಮಾನ. ಇಲೋಯ್ಲೊ ನಗರದ ಆಸ್ಪತ್ರೆಯ ಖರ್ಚು ಕ್ಲಬ್ಬಿನದು, ಪೆಟ್ಟಿಗೆ ಕ್ಲಬ್ಬಿನದು, ಹೂವು ಕ್ಲಬ್ಬಿನದು. ಹೀಗಿರುವಾಗ ಬೇಡ ಎನ್ನುವ ಮಾತು ಹಸಿಂತಾಳ ಬಾಯಿಗೆ ಬರಲಿಲ್ಲ. ಬಾಗಿಲ ಮೇಲೆ ಕಟ್ಟಿದ ಬ್ಯಾನರಿನಲ್ಲಿ ಅವನ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ 'ನಮ್ಮ ಮೊದಲ ಮಗು' ಎಂದು ಬರೆದಿತ್ತು. ಐವತ್ತು ದಾಟಿದ್ದ, ಐಸ್ ಕಾರ್ಖಾನೆಯಲ್ಲಿ ಗಡ್ಡೆ ಕೊರೆದು ಕೊರೆದು ಬೆನ್ನು ಬಾಗಿಸಿಕೊಂಡಿದ್ದ ಗಂಡಸನ್ನು ಕ್ಲಬ್ಬಿನವರು ಕರೆಯುತ್ತಿದ್ದದ್ದೇ ಹಾಗೆ.

ಅಷ್ಟರಲ್ಲಿ ಕಾರ್ಖಾನೆಯ ಜೊತೆಗಾರ ಕಾರ್ದೊ ಒಳಗೆ ಬಂದು, ಪೆಟ್ಟಿಗೆಯೊಳಗೆ ಇಣುಕಿ, ಅಭ್ಯಾಸಬಲದಿಂದ ಹೇಳಿಬಿಟ್ಟ:

"ಹೋ, ಮೀಸೆ ಹೋಯ್ತಾ ಡೆನ್ಸ್ಯೊ? ಹಂಗಾರೆ ಬಿಳಿಯರು ಬಂದಿಳಿದ್ರು ಅಂತಾಯ್ತು."

ಇಪ್ಪತ್ತು ಮೂವತ್ತು ವರ್ಷಗಳಿಂದ ಬಂದರಿನಲ್ಲಿ ಸವೆದ ತಮಾಷೆ ಅದು. ಪ್ರತಿ ಫೆಬ್ರವರಿ, ಕ್ಲಬ್ಬಿನ ಹುಟ್ಟುಹಬ್ಬದ ಹಿಂದಿನ ದಿನ ಡೆನ್ಸ್ಯೊ ಮೀಸೆ ತೆಗೆಯುತ್ತಿದ್ದ. ಈಸ್ಟರ್ ಹೊತ್ತಿಗೆ ಅದು ಮತ್ತೆ ತುಂಬಿಕೊಳ್ಳುತ್ತಿತ್ತು. ಮೀನುಗಾರರು ಅವನ ಮುಖ ನೋಡಿ ತಿಂಗಳು ಹೇಳುತ್ತೇವೆಂದು ನಗುತ್ತಿದ್ದರು. ಕಾರ್ದೊನ ಮಾತಿಗೆ ಇವತ್ತು ಯಾರೂ ನಗಲಿಲ್ಲ. ಅವನು ಟೊಪ್ಪಿ ತೆಗೆದು ಅದರಲ್ಲೇ ಮುಖ ಮುಚ್ಚಿಕೊಂಡ.

"ಬರಿ ಮಗಳೇ, ಬರಿ ಇನ್‌ಡೇ," ಎಂದ ಟೊಪ್ಪಿಯೊಳಗಿನಿಂದಲೇ. "ದಪ್ಪಗೆ ಬರಿ. ಅವನದ್ದು ಎಡಗಡೆಯಿಂದ ಬಲಕ್ಕೆ ಬಾಚಿದ್ದಿತ್ತು. ಗೆರೆ ಮುಚ್ಚೋಹಂಗೆ."

*

ಹುಟ್ಟುವಾಗಲೇ ಅವನ ಮೇಲ್ದುಟಿ ಸೀಳಿತ್ತು. ತಾಯಿ ಬಾಣಂತನದಲ್ಲೇ ತೀರಿಕೊಂಡಳು. ಅಜ್ಜಿ ಲೋಲಾ ಬಾಸ್ಯಾ ಬಟ್ಟೆಯ ತುದಿಯನ್ನು ಗಂಜಿಯಲ್ಲಿ ಅದ್ದಿ, ಹನಿ ಹನಿ ಹಿಂಡಿ ಅವನನ್ನು ಬದುಕಿಸಿದಳು. ಶಾಲೆಗೆ ಕಳಿಸಿದರೆ ಅವನ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಮಕ್ಕಳು ಮೂಗಿನಲ್ಲಿ ಮಾತಾಡಿ ಅವನ ಹಿಂದೆ ಓಡುತ್ತಿದ್ದರು. ಅವನು ಬಾಯಿಗೆ ಅಂಗೈ ಅಡ್ಡ ಹಿಡಿದೇ ದೊಡ್ಡವನಾಗುತ್ತಿದ್ದ.

ಅವನಿಗೆ ಒಂಬತ್ತು ವರ್ಷವಾಗಿದ್ದಾಗ, ಆಗಷ್ಟೇ ಶುರುವಾಗಿದ್ದ ಕ್ಲಬ್ಬು ಆಸ್ಟ್ರೇಲಿಯಾದ ಒಂದು ಸೋದರ ಕ್ಲಬ್ಬಿನ ಜೊತೆ ಕೈಜೋಡಿಸಿ ಡಾಕ್ಟರುಗಳನ್ನು ಕರೆಸಿತು. ಶಾಲೆಯ ಎರಡು ಕೋಣೆ ಆಸ್ಪತ್ರೆಯಾದವು. ಮೊದಲ ಸರದಿ ಅವನದು. ಕತ್ತರಿ ತಾಗಿಸುವ ಮೊದಲು ಅವನನ್ನು ಬಿಸಿಲಿಗೆ ನಿಲ್ಲಿಸಿ, ಕೈ ಕೆಳಗಿಳಿಸಿ, ಒಂದು ಫೋಟೋ ತೆಗೆದರು. ಬಾಯಿಗೆ ಕೈ ಅಡ್ಡವಿಲ್ಲದೆ ಅವನು ಅಪರಿಚಿತರ ಮುಂದೆ ನಿಂತದ್ದು ಅದೇ ಮೊದಲು.

ಹೊಲಿಗೆ ಬಿಚ್ಚಿದ ದಿನ ಲೋಲಾ ಬಾಸ್ಯಾ ಅವನನ್ನು ಕನ್ನಡಿಯ ಮುಂದೆ ಕೂರಿಸಿ ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಮೇಲೆ ಅವನ ಗಲ್ಲ ಹಿಡಿದು ಹೇಳಿದಳು:

"ಕೇಳಿಲ್ಲಿ. ಈ ಬಾಯಿ ಅವರು ಕೊಟ್ಟಿದ್ದು. ಈ ಬಾಯಲ್ಲಿ ಅವರಿಗೆ ಯಾವತ್ತೂ ಇಲ್ಲ ಅನ್ನಬೇಡ. ಕರೆದಾಗ ಹೋಗು."

ಅವನು ಹೋದ. ಮುಂದಿನ ವರ್ಷ ಅತಿಥಿಗಳು ಬಂದಾಗ ಆ ಫೋಟೋದ ಪಕ್ಕ ನಿಂತ. ಅದರ ಮುಂದಿನ ವರ್ಷವೂ ನಿಂತ. ಒಮ್ಮೆ ಸರಕು ಹಡಗಿನಲ್ಲಿ ಅಡುಗೆಭಟ್ಟನ ಕೆಲಸ ಸಿಕ್ಕಿತು. ಹಡಗು ಹೊರಡುವುದು ಫೆಬ್ರವರಿಯಲ್ಲಿ ಎಂದು ತಿಳಿದಾಗ, ಕ್ಲಬ್ಬಿನವರು ಹೋಗಬೇಡ ಎನ್ನಲಿಲ್ಲ, 'ಈ ವರ್ಷ ದೊಡ್ಡ ತಂಡ ಬರ್ತಿದೆಯಲ್ಲಪ್ಪ' ಎಂದಷ್ಟೇ ಅಂದರು. ಹಡಗು ಅವನಿಲ್ಲದೆ ಹೊರಟಿತು. ಅವನ ಎದೆಮಟ್ಟಕ್ಕಿದ್ದ ಫೋಟೋ ವರ್ಷ ಕಳೆದಂತೆ ಅವನ ಸೊಂಟಕ್ಕೆ ಬಂತು. ಆಮೇಲೆ ಕ್ಲಬ್ಬಿನವರು ಅದನ್ನು ಆಳೆತ್ತರಕ್ಕೆ ದೊಡ್ಡದು ಮಾಡಿಸಿದರು.

*

"ಗಾಜು ಮುಚ್ಚಿ, ಗಾಜು ಮುಚ್ಚಿ. ಅವರ ವ್ಯಾನು ಬಂದಾಯ್ತು," ಎನ್ನುತ್ತ ಮ್ಯಾಡಮ್ ಸುಮಾಲ್ದೆ ಒಳಗೆ ಬಂದರು.

ಕ್ಲಬ್ಬಿನ ಅಧ್ಯಕ್ಷೆ ಅವರು. ಪೇಟೆಯ ದೊಡ್ಡ ಔಷಧಿ ಅಂಗಡಿ ಅವರದು. ಮಂಡಿನೋವಿದ್ದರೂ ದ್ವೀಪ ದ್ವೀಪ ಅಲೆದು, ದೋಣಿಯಲ್ಲಿ ವಾಂತಿ ಮಾಡಿಕೊಂಡು, ಸೀಳುತುಟಿಯ ಮಕ್ಕಳನ್ನು ಹುಡುಕಿ ತರುತ್ತಿದ್ದದ್ದು ಅವರೇ. ಹಾಗಾಗಿ ಊರಿನಲ್ಲಿ ಅವರ ಬಗ್ಗೆ ಕೆಟ್ಟದ್ದು ಆಡುವುದು ಕಷ್ಟ. ಅವರು ಪೆಟ್ಟಿಗೆಯೊಳಗೆ ನೋಡಿದರು, ನಿಟ್ಟುಸಿರು ಬಿಟ್ಟರು.

"ಏನಿದು ಹಸಿಂತಾ? ಚಿಕ್ಕ ಮಕ್ಕಳ ಹಾಗೆ."

"ಅವರು ಮೀಸೆ ಇಲ್ದೆ ನೆಮ್ಮದಿಯಾಗಿ ಮಲಗ್ತಿರಲಿಲ್ಲ ಮ್ಯಾಡಮ್," ಎಂದಳು ಅಮ್ಮ, ನೆಲ ನೋಡುತ್ತ.

ಮ್ಯಾಡಮ್ಮಿನ ಹಿಂದೆ ಕ್ಲಬ್ಬಿನ ಯುವವಿಭಾಗದ ಹುಡುಗಿಯರು ಎರಡು ದೊಡ್ಡ ಚೌಕಟ್ಟುಗಳನ್ನು ಹೊತ್ತು ತಂದರು. ಒಂದು ಎಲ್ಲರಿಗೂ ಗೊತ್ತಿದ್ದದ್ದು: ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಒಂಬತ್ತು ವರ್ಷದ ಡೆನ್ಸ್ಯೊ. ಇನ್ನೊಂದು ಹೊಸದು. ಅದರಲ್ಲಿ ತುಟಿ ಸೀಳಿದ ಒಂದು ಪುಟ್ಟ ಹೆಣ್ಣುಮಗು, ಕ್ಯಾಮರಾದಿಂದ ಮುಖ ತಿರುಗಿಸಲು ಹೆಣಗುತ್ತಿದ್ದಾಗ ಯಾರದೋ ಕೈ ಅದರ ಗಲ್ಲ ಹಿಡಿದು ನಿಲ್ಲಿಸಿತ್ತು.

"ಇದ್ಯಾರು?" ಎಂದಳು ಜೋವಿ.

"ಮಿಕ್ಕಾ. ಮೊದಲ ಮಗುವಿನ ಜಾಗಕ್ಕೆ ಹೊಸ ಮಗು. ಪೆಟ್ಟಿಗೆ ಪಕ್ಕ ನಿಂತು ಥ್ಯಾಂಕ್ಯೂ ಹೇಳ್ತಾಳೆ, ಅಷ್ಟೇ. ಆಮೇಲೆ ಮೆರವಣಿಗೆಯಲ್ಲಿ ಮುಂದೆ ನಡೀತಾಳೆ. ನೀನೂ ಅಮ್ಮನೂ ಮುಂದಿನ ಸಾಲಲ್ಲಿ ಕೂತ್ಕೊಳ್ಳಿ, ಇನ್‌ಡೇ."

ಜೋವಿ ಮುಂದಿನ ಸಾಲಿನಲ್ಲಿ ಕೂರಲಿಲ್ಲ. ಸಭಾಂಗಣದ ಹಿಂದಿನ ಅಡುಗೆಕೋಣೆಗೆ ಹೋಗಿ ನಲ್ಲಿಯ ಕೆಳಗೆ ಕೈ ಹಿಡಿದಳು. ಬೆರಳಿಗೆ ಹತ್ತಿದ್ದ ಕಪ್ಪು ಹೋಗುತ್ತಿರಲಿಲ್ಲ. ಇವತ್ತು ಸಂಜೆಯ ದೋಣಿಗೆ ಅವಳು ಎರಡು ಟಿಕೆಟು ತೆಗೆದಿಟ್ಟಿದ್ದಳು. ಅಮ್ಮನನ್ನು ಕರೆದುಕೊಂಡು ತಾನು ಪಾಠ ಹೇಳುವ ಬಕೊಲೊದ್ ಊರಿಗೆ ಹೋಗುವುದು, ಮತ್ತೆ ಈ ಊರಿನ ಮುಖ ನೋಡದಿರುವುದು. ಅಪ್ಪನ ಉಸಿರು ನಿಂತ ರಾತ್ರಿಯೇ ಅವಳು ಅದನ್ನು ನಿರ್ಧರಿಸಿದ್ದಳು.

*

ಹೈಸ್ಕೂಲಿನಲ್ಲಿ ಅವಳೂ ಕ್ಲಬ್ಬಿನ ಯುವವಿಭಾಗದಲ್ಲಿದ್ದಳು. ಕಡಲ ದಂಡೆ ಗುಡಿಸುವುದು, ಉಪ್ಪುನೀರಿನ ಕೆಸರಲ್ಲಿ ಕಾಂಡ್ಲಾ ಸಸಿ ನೆಡುವುದು, ಅತಿಥಿಗಳಿಗೆ ಹಾರ ಹಾಕಿ ಕುಣಿಯುವುದು. ಓದಿನ ಖರ್ಚು ಕ್ಲಬ್ಬಿನದಾದ್ದರಿಂದ ಯಾವುದಕ್ಕೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಒಂದು ಫೆಬ್ರವರಿ ಅಪ್ಪ ವೇದಿಕೆ ಹತ್ತಿದಾಗ ಅವಳು ಕುಣಿತದ ಸಾಲಿನಲ್ಲೇ ನಿಂತಿದ್ದಳು. ಅಪ್ಪ ಮೈಕಿನ ಮುಂದೆ ಎರಡೇ ವಾಕ್ಯ ಹೇಳಿದ. ಮೂಗಿನ ಧ್ವನಿ ಇಡೀ ಮೈದಾನಕ್ಕೆ ಕೇಳಿಸಿತು. ಹಿಂದಿನ ಸಾಲಿನ ಹುಡುಗನೊಬ್ಬ ಅದೇ ಧ್ವನಿ ತೆಗೆದ. ಅವಳ ಗೆಳತಿಯರು ನಗು ತಡೆಯಲು ಹೂವಿನ ಹಾರ ಬಾಯಿಗೆ ಒತ್ತಿಕೊಂಡರು.

ಆ ಸಂಜೆ ಅವಳು ಊಟದ ತಟ್ಟೆ ದೂಡಿದಳು.

"ಒಂದೇ ಒಂದು ಸಲ ಬರಲ್ಲ ಅನ್ನೋಕೆ ಆಗಲ್ವಾ ನಿಂಗೆ? ಸರ್ಕಸ್ಸಿನ ಮಂಗನ ಥರ!"

ಅಪ್ಪ ಬರಿದಾದ ತುಟಿಯ ಮೇಲೆ ಬೆರಳಾಡಿಸಿಕೊಂಡ. "ಮುಂದಿನ ವರ್ಷ ನೋಡೋಣ," ಎಂದ.

ಮುಂದಿನ ವರ್ಷವೂ ಹೋದ. ಕಾಲೇಜಿಗೆಂದು ಬಕೊಲೊದ್‌ಗೆ ಹೋದ ಮೇಲೆ ಜೋವಿ ಫೆಬ್ರವರಿಯಲ್ಲಿ ಊರಿಗೆ ಬರುವುದನ್ನೇ ಬಿಟ್ಟಳು.

*

ಅಡುಗೆಕೋಣೆಯ ಮೂಲೆಯಲ್ಲಿ ಒಬ್ಬ ತೆಳ್ಳಗಿನ ಹೆಂಗಸು ಮಗುವಿಗೆ ಬಿಳಿ ಫ್ರಾಕು ತೊಡಿಸಲು ಒದ್ದಾಡುತ್ತಿದ್ದಳು. ಮಗು ಬಿಗಿಯಾಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಿತ್ತು. ತೋಳಿನೊಳಗೆ ಕೈ ತೂರಿಸಬೇಕಾದಾಗ ಇನ್ನೊಂದು ಕೈಯಿಂದ ಮುಚ್ಚಿಕೊಳ್ಳುತ್ತಿತ್ತು.

"ಹಂಗ್ ಮಾಡಬೇಡ ಮಿಕ್ಕಾ. ಮ್ಯಾಡಮ್ ಬೈತಾರೆ," ಎಂದವಳು, ಜೋವಿಯನ್ನು ಗುರುತಿಸಿ ಎದ್ದುನಿಂತಳು. "ನೀವು ಡೆನ್ಸ್ಯೊ ಅಣ್ಣನ ಮಗಳಲ್ವಾ? ನಾನು ನೆರಿಸ್ಸಾ. ಆಚೆ ದ್ವೀಪದವಳು."

"ಇವಳಿಗೆ ಇಷ್ಟ ಇಲ್ವಾ ನಿಲ್ಲೋಕೆ?"

"ಇಷ್ಟ ಕೇಳೋರ್ಯಾರು ಅಕ್ಕಾ? ಹೋದ ವರ್ಷ ಆಪರೇಷನ್ ಆದಾಗ್ಲೇ ನಿಲ್ಲಿಸಬೇಕು ಅಂದಿದ್ರು. ನಿಮ್ಮಪ್ಪ ತಪ್ಪಿಸಿದ್ರು."

"ಅಪ್ಪನಾ?"

"ನಾನು ಅಲ್ಲೇ ಬಾಗಿಲ ಹತ್ರ ಇದ್ದೆ. ಮ್ಯಾಡಮ್ ಹತ್ರ ಬಂದು ಟೊಪ್ಪಿ ತೆಗೆದು ಹೇಳಿದ್ರು, 'ನಾನಿನ್ನೂ ಇದೀನಲ್ಲ ಮ್ಯಾಡಮ್. ನಾನು ನಿಲ್ತಿರೋವರೆಗೂ ಬೇರೆ ಮಗು ಬೇಡ' ಅಂತ. ಮ್ಯಾಡಮ್ ನಕ್ಕುಬಿಟ್ರು. 'ಇಷ್ಟು ವರ್ಷದಿಂದ ಇದನ್ನೇ ಹೇಳ್ತೀಯ, ನಿಂಗೆ ಸಾಕಾಗಲ್ವಾ ಡೆನ್ಸ್ಯೊ?' ಅಂದ್ರು." ನೆರಿಸ್ಸಾ ಫ್ರಾಕಿನ ಗುಂಡಿ ಹಾಕುವುದನ್ನು ಅರ್ಧಕ್ಕೇ ನಿಲ್ಲಿಸಿದ್ದಳು. "ಅವಾಗ ಕಾಲು ಊದಿಕೊಂಡು ನಿಲ್ಲೋಕೂ ಆಗ್ತಿರಲಿಲ್ಲ ಅವರಿಗೆ. ಕುರ್ಚಿ ಕೊಟ್ರೂ ಕೂರಲಿಲ್ಲ."

ಜೋವಿ ನಲ್ಲಿ ನಿಲ್ಲಿಸಿದಳು. ಇಷ್ಟು ವರ್ಷಗಳಲ್ಲಿ ಕ್ಲಬ್ಬು ತುಟಿ ಹೊಲಿಸಿದ ಮಕ್ಕಳು ಊರ ತುಂಬ ಇದ್ದರು; ಮೀನು ಮಾರುವವರು, ರಿಕ್ಷಾ ಓಡಿಸುವವರು, ಅವಳ ತರಗತಿಯಲ್ಲೇ ಕೂತು ಓದಿದವರು. ಅವರಲ್ಲಿ ಒಬ್ಬರ ಫೋಟೋವನ್ನೂ ಅವಳು ಯಾವತ್ತೂ ವೇದಿಕೆಯ ಮೇಲೆ ನೋಡಿರಲಿಲ್ಲ. ಯಾಕೆ ಎಂದು ಯೋಚಿಸಿಯೂ ಇರಲಿಲ್ಲ.

ಅವಳು ಒದ್ದೆ ಕೈಯಲ್ಲೇ ಸಭಾಂಗಣಕ್ಕೆ ಹೋದಳು. ಮ್ಯಾಡಮ್ಮು ಮೈಕು ಸರಿಮಾಡುತ್ತಿದ್ದರು.

"ಮಿಕ್ಕಾ ಬೇಡ ಮ್ಯಾಡಮ್. ಆ ಫೋಟೋನೂ ತೆಗೆಸಿ."

ಮ್ಯಾಡಮ್ಮು ಸುತ್ತ ನೋಡಿ ಅವಳನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಹೋದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ದಣಿವಿತ್ತು.

"ನನಗೇನು ಇದು ಹಿತವಾಗಿದೆ ಅಂದ್ಕೊಂಡ್ಯಾ? ಆಚೆ ದ್ವೀಪಗಳಲ್ಲಿ ಇನ್ನೂ ಎಷ್ಟು ಮಕ್ಕಳು ಕಾಯ್ತಿದಾವೆ ಗೊತ್ತಾ? ಆಸ್ಟ್ರೇಲಿಯಾದಿಂದ ಬರೋರಿಗೆ ಒಂದು ಮುಖ ಕಾಣಬೇಕು, ಇನ್‌ಡೇ. ಮುಖ ಕಾಣದೆ ಮುಂದಿನ ವರ್ಷ ಡಾಕ್ಟರು ಬರಲ್ಲ. ಬರೀ ಲೆಕ್ಕಪತ್ರ ತೋರಿಸಿದ್ರೆ ಯಾರ ಕಣ್ಣಲ್ಲೂ ನೀರು ಬರಲ್ಲ. ನಿಮ್ಮಪ್ಪನಿಗೆ ಅದು ಅರ್ಥ ಆಗಿತ್ತು."

"ನಾನು ನಿಲ್ತೀನಿ."

"ನೀನಾ? ನಿನ್ನ ಬಾಯಿಗೇನಾಗಿದೆ?"

"ಅಪ್ಪನ ಫೋಟೋ ಹಿಡ್ಕೊಂಡು ನಿಲ್ತೀನಿ. ಅಪ್ಪನ ತುಟಿ ಹೊಲಿಸಿದ್ದು ನೀವು, ನನ್ನ ಓದಿಸಿದ್ದು ನೀವು. ಇಂಗ್ಲಿಷಲ್ಲಿ ಹೇಳ್ತೀನಿ. ಅವರ ಕಣ್ಣಲ್ಲಿ ನೀರು ಬರೋಹಾಗೆ ಹೇಳ್ತೀನಿ."

ಮ್ಯಾಡಮ್ಮು ಅವಳನ್ನು ಅಳೆಯುವಂತೆ ನೋಡಿದರು. ನಿಧಾನವಾಗಿ ಅವರ ಹುಬ್ಬು ಸಡಿಲವಾಯಿತು.

"ಮೊದಲ ಮಗುವಿನ ಮಗಳು," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ, "ಇವತ್ತೊಂದು ದಿನಕ್ಕೆ ಸರಿ. ಫೆಬ್ರವರಿಗೆ?"

"ಬರ್ತೀನಿ."

"ಅದರ ಮುಂದಿನ ವರ್ಷ?"

ಕಿಟಕಿಯಾಚೆ ಸಂಜೆಗೆ ಹೊರಡಬೇಕಿದ್ದ ದೋಣಿ ದಡಕ್ಕೆ ಒತ್ತಿಕೊಂಡು ನಿಂತಿತ್ತು. ಜೋವಿ ಕಿಟಕಿಗೆ ಬೆನ್ನು ಹಾಕಿದಳು.

"ಬರ್ತೀನಿ ಅಂದೆನಲ್ಲ ಮ್ಯಾಡಮ್. ಮೀಸೆ ಮಾತ್ರ ಅಳಿಸಬೇಡಿ."

"ಇರಲಿ ಬಿಡು," ಎಂದರು ಮ್ಯಾಡಮ್ಮು. ಅವಳ ಕೆನ್ನೆ ತಟ್ಟಿ, ಹೊಸ ಚೌಕಟ್ಟನ್ನು ಗೋಡೆಯ ಕಡೆ ತಿರುಗಿಸಿಡಲು ಹುಡುಗಿಯರಿಗೆ ಸನ್ನೆ ಮಾಡಿದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಹಸಿಂತಾ ಮಗಳು ವೇದಿಕೆ ಹತ್ತುವುದನ್ನು ಕಂಡು ಅರ್ಧ ಎದ್ದಳು. "ಜೋವಿ, ಬೇಡ ಕಣೇ," ಎಂದಳು. ಕಾರ್ದೊ ಅವಳ ಭುಜ ಒತ್ತಿ ಕೂರಿಸಿದ. ಬಿಳಿ ಕೂದಲಿನ ಅತಿಥಿಗಳು ಕೊರಳಿನ ಹಾರ ಸರಿಪಡಿಸಿಕೊಳ್ಳುತ್ತ ಸುಮ್ಮನಾದರು. ಜೋವಿ ಆಳೆತ್ತರದ ಫೋಟೋವನ್ನು ವೇದಿಕೆಗೆ ಊರಿ, ಅಪ್ಪನ ಬಾಲ್ಯವನ್ನು ಎದೆಗೆ ಆನಿಸಿ ಹಿಡಿದು ನಿಂತಳು. ಚೌಕಟ್ಟಿನ ಅಂಚು ಗಲ್ಲಕ್ಕೆ ಒತ್ತುತ್ತಿತ್ತು. ಮೊದಲ ವಾಕ್ಯ ಹೇಳಿದಾಗ ತನ್ನ ಧ್ವನಿ ಮೈಕಿನಿಂದ ಹೊರಬಂದು ಬೇರೆ ಯಾರದೋ ಎಂಬಂತೆ ಅವಳಿಗೇ ಕೇಳಿಸಿತು.

ತೆರೆದ ಪಕ್ಕದ ಬಾಗಿಲಿನಿಂದ ರಸ್ತೆ ಕಾಣುತ್ತಿತ್ತು. ಎದುರಿಗೆ ಸಕ್ಕರೆ ಹಾಕಿ ಬಾಳೆಹಣ್ಣು ಕರಿಯುವವಳ ಬಾಣಲೆಯ ಸುತ್ತ ಮಕ್ಕಳು ಮುತ್ತಿದ್ದವು. ಅವುಗಳ ನಡುವೆ ಮಿಕ್ಕಾ ನಿಂತಿದ್ದಳು; ಫ್ರಾಕು ಹೋಗಿ ಹಳೆಯ ಅಂಗಿ ಬಂದಿತ್ತು. ಬಿಸಿ ಹಣ್ಣನ್ನು ಕಚ್ಚಿ, ನಾಲಿಗೆ ಸುಟ್ಟುಕೊಂಡು, ಎರಡೂ ಕೈ ಗಾಳಿಯಲ್ಲಿ ಬೀಸುತ್ತ ಬಾಯಿ ಅಗಲಿಸಿ 'ಹಾ, ಹಾ' ಎನ್ನುತ್ತಿದ್ದಳು. ಪಕ್ಕದ ಮಗು ನಕ್ಕಿತು. ಅವಳೂ ನಕ್ಕಳು. ಯಾರೂ ಅವಳ ಕಡೆ ತಿರುಗಿ ನೋಡಲಿಲ್ಲ.

"ಕ್ಷಮಿಸಿ," ಎಂದರು ಅತಿಥಿಗಳಲ್ಲೊಬ್ಬರು ಮೆಲ್ಲಗೆ, ಫೋನು ಎತ್ತಿ ಹಿಡಿದು. "ಸ್ವಲ್ಪ ಈ ಕಡೆ ತಿರುಗ್ತೀರಾ? ಬೆಳಕು ಇಲ್ಲಿ ಚೆನ್ನಾಗಿದೆ."

ಜೋವಿ ಆ ಕಡೆ ತಿರುಗಿದಳು. ಅಲ್ಲಿಂದ ಬಾಗಿಲು ಕಾಣುತ್ತಿರಲಿಲ್ಲ.