ಬಜರ್ ಕಿತ್ತ ಟೆಂಪೋ

ಹೆಣ ಕೆಡದಂತೆ ಇಡುವ ಫ್ರೀಜರ್ ಪೆಟ್ಟಿಗೆಯನ್ನು ಟೆಂಪೋದಲ್ಲಿ ಊರೂರಿಗೆ ಒಯ್ಯುವುದು ನನ್ನ ಕಸುಬು. ನಮ್ಮ ಕಡೆ ಕರೆಂಟನ್ನು ನಂಬುವವನಷ್ಟು ದಡ್ಡ ಇನ್ನೊಬ್ಬನಿಲ್ಲ. ಅದಕ್ಕೇ ಚಳ್ಳಕೆರೆಯ ರವಿಕಿರಣನ ಬ್ಯಾಟರಿ ಅಂಗಡಿಗೆ ಹೋಗಿ, ಗಾಡಿಯ ಬ್ಯಾಟರಿ ಜೊತೆಗೆ ಪೆಟ್ಟಿಗೆಗೆಂದೇ ಎರಡನೆಯದೊಂದನ್ನು ಹಾಕಿಸಿದೆ.

"ಕಾರಿನ ಬ್ಯಾಟರಿ ಬ್ಯಾಡ ಪಾತಣ್ಣ, ಪೂರ್ತಿ ಇಳಿದ್ರೆ ಸಾಯ್ತೈತೆ. ನೂರೈವತ್ತು ಎಎಚ್ ಟ್ಯೂಬುಲರ್ ತಗೋ, ಮನೆ ಯುಪಿಎಸ್‌ಗೆ ಹಾಕ್ತಾರಲ್ಲ ಅದು," ಎಂದ ರವಿಕಿರಣ. ಎರಡರ ನಡುವೆ ಚಾರ್ಜರ್, ಪೆಟ್ಟಿಗೆಗೆ ಕರೆಂಟ್ ಕೊಡಲು ಇನ್ವರ್ಟರ್ ಕೂರಿಸಿದ. ಇಂಜಿನ್ ಓಡುವಾಗ ಎರಡೂ ತುಂಬುತ್ತವೆ, ನಿಂತಾಗ ಪೆಟ್ಟಿಗೆ ಗಾಡಿಯ ಬ್ಯಾಟರಿಯನ್ನು ಮುಟ್ಟುವುದಿಲ್ಲ. "ಇಂಜಿನ್ ಆಫ್ ಇದ್ರೆ ನಾಲ್ಕು ತಾಸು. ಆಮೇಲೆ ಇನ್ವರ್ಟರ್ ತಾನೇ ನಿಲ್ತೈತೆ. ನಿಲ್ಲೋ ಮುಂಚೆ ಈ ಬಜರ್ ಕೂಗ್ತೈತೆ."

"ಸತ್ತ ಮನೆ ಮುಂದೆ ಪೀ ಪೀ ಅಂದ್ರೆ ಜನ ನನ್ನೂ ಅದೇ ಪೆಟ್ಟಿಗೆಯಾಗೆ ಮಲಗಿಸ್ತಾರೆ. ಕಿತ್ತಾಕು," ಎಂದೆ. ಅವನು ಬೇಡವೆಂದ. ನಾನೇ ಸ್ಕ್ರೂಡ್ರೈವರ್ ಕಸಿದುಕೊಂಡು ಕಿತ್ತೆ.

ಏಪ್ರಿಲ್‌ನಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿಯಲ್ಲಿ ಬೊಮ್ಮಲಿಂಗಪ್ಪ ತೀರಿಕೊಂಡ. ಒಬ್ಬಳೇ ಮಗಳು ರಶ್ಮಿತಾ ಅಸ್ಸಾಮಿನಲ್ಲಿ ಸಿಆರ್‌ಪಿಎಫ್ ಕೆಲಸದಲ್ಲಿದ್ದಳು. ಮರುದಿನ ಸಂಜೆಗೆ ಬಂದು ತಲುಪುವವಳು ಫೋನಿನಲ್ಲಿ ನನ್ನನ್ನೇ ಕೇಳಿದಳು, "ಅಣ್ಣಾ, ಅಪ್ಪನ ಮುಖ ನೋಡಾಕ್ ಆಗ್ತೈತಾ?"

"ಮಲಗಿದಂಗೇ ಇರ್ತಾರೆ ತಂಗಿ. ನನ್ನ ಜವಾಬ್ದಾರಿ," ಎಂದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಕರೆಂಟು ಹೋಯಿತು. ಅಂಗಳದಲ್ಲಿದ್ದ ಪೆಟ್ಟಿಗೆಯ ವೈರನ್ನು ಗಾಡಿಯ ಇನ್ವರ್ಟರ್‌ಗೆ ಸಿಕ್ಕಿಸಿ ಇಂಜಿನ್ ಚಾಲೂ ಮಾಡಿದೆ. ಭಜನೆಯ ಓಬಯ್ಯ ಸಿಟ್ಟಾದ.

"ಲೇ, ಆಫ್ ಮಾಡಲೇ. ಈ ಸದ್ದಿನಾಗೆ ದೇವ್ರ ಹೆಸ್ರು ಕೇಳಂಗಿಲ್ಲ. ಮೈಕಿಗೂ ಒಂದೀಟು ಕರೆಂಟ್ ಕೊಡು."

ಅವನ ಮೈಕಿಗೆ ಇನ್ವರ್ಟರ್ ಬೇಕಿಲ್ಲ, ಪೆಟ್ಟಿಗೆಯ ಬ್ಯಾಟರಿಗೇ ನೇರ ಎರಡು ಕ್ಲಿಪ್ ಸಿಕ್ಕಿಸಿದರೆ ಸಾಕು. ಬೊಮ್ಮಲಿಂಗಪ್ಪನ ಹೆಂಡತಿ ಸೂರಮ್ಮನೂ ತಲೆಯಾಡಿಸಿದಳು. ಸತ್ತ ಮನೆಯಲ್ಲಿ ಇಲ್ಲ ಅನ್ನುವ ನಾಲಗೆ ನನಗಿಲ್ಲ. ತಾಸು ಬಿಟ್ಟು ಮತ್ತೆ ಚಾಲೂ ಮಾಡಿದರಾಯಿತು ಎಂದು ಕ್ಲಿಪ್ ಸಿಕ್ಕಿಸಿ, ಇಂಜಿನ್ ನಿಲ್ಲಿಸಿ ಬೇವಿನ ನೆರಳಲ್ಲಿ ಕೂತೆ.

ಎರಡು ದಿನದಿಂದ ನಿದ್ದೆಯಿರಲಿಲ್ಲ, ಕಣ್ಣು ಮುಚ್ಚಿತು. ನಡುವೆ ಎರಡು ಸಲ ಎಚ್ಚರವಾದಾಗಲೂ ಮೈಕು ಹಾಡುತ್ತಲೇ ಇತ್ತು. ಮೈಕಿದೆ ಅಂದಮೇಲೆ ಬ್ಯಾಟರಿಯಲ್ಲಿ ಜೀವ ಇದೆ, ಪೆಟ್ಟಿಗೆ ತಣ್ಣಗಿದೆ ಎಂದುಕೊಂಡು ಮತ್ತೆ ಮಗ್ಗುಲಾದೆ. ಎಂಥ ಮಂಕು ನಾನು! ಮೈಕಿನ ಹೊರೆಯೂ ಸೇರಿ ಚಾರ್ಜ್ ಬೇಗ ಇಳಿದು ಇನ್ವರ್ಟರ್ ಹನ್ನೊಂದು ಗಂಟೆಗೇ ನಿಂತಿತ್ತು. ಉಳಿದ ಚೂರನ್ನು ಹೀರುತ್ತ ಮೈಕು ಮಾತ್ರ ಹಾಡುತ್ತಿತ್ತು. ಪೆಟ್ಟಿಗೆಯ ದೀಪ ಆರಿದ್ದು ಹಾರಗಳಡಿ ಯಾರಿಗೂ ಕಂಡಿರಲಿಲ್ಲ. ಬಂದವರೆಲ್ಲ ಮುಚ್ಚಳ ತೆಗೆತೆಗೆದು ಹೂವು ಹಾಕಿದ್ದರು. ಮೂರಕ್ಕೆ ವಾಸನೆ ಬಂತು.

ಓಡಿಹೋಗಿ ಇಂಜಿನ್ ಚಾಲೂ ಮಾಡಿದೆ. ಏನು ಪ್ರಯೋಜನ? ಹಿರಿಯರು ಮುಖದ ಮೇಲೆ ಬಿಳಿ ಪಂಚೆ ಬಿಗಿದರು.

ಐದಕ್ಕೆ ರಶ್ಮಿತಾ ಬಂದಳು. ಹೆಗಲ ಚೀಲವನ್ನೂ ಇಳಿಸಲಿಲ್ಲ.

"ಮುಖ ತೋರಿಸ್ರಿ."

"ಬ್ಯಾಡವ್ವ," ಎಂದು ಸೂರಮ್ಮ ಮಗಳ ಕೈ ಹಿಡಿದುಕೊಂಡಳು. "ಕಾಲು ಮುಟ್ಟು, ಸಾಕು."

ಅಪ್ಪನ ಎರಡೂ ಪಾದ ಹಿಡಿದು ಅವಳು ಬಹಳ ಹೊತ್ತು ಕೂತಳು. ಆಮೇಲೆ ಎದ್ದು ನನ್ನ ಮುಂದೆ ಬಂದು ನಿಂತಳು. ಹೊಡೆದಿದ್ದರೆ ಚೆನ್ನಾಗಿತ್ತು.

"ಮಲಗಿದಂಗೇ ಇರ್ತಾರೆ ಅಂದಿದ್ರಲ್ಲ, ಅಣ್ಣಾ."

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ಆ ಹುಡುಗಿ ಉಂಡಳು.

ಮರುದಿನವೇ ಬಜರ್ ಹಾಕಿಸಿದೆ. ಅದು ಕೂಗಿದಾಗಲೆಲ್ಲ ಸತ್ತ ಮನೆಯವರು ಬೈಯುತ್ತಾರೆ. ಬೈಯಲಿ.