ನಿಂತಲ್ಲೇ ತಗ್ಗು

"ಮೊದ್ಲು ಮಿಷನ್ ಎತ್ರೀ, ಆಮೇಲೆ ಮಾತಾಡಿ!"

ಎತ್ತಲಿಲ್ಲ. ಟೈಲರಮ್ಮನ ಯಜಮಾನರು ಕತ್ತು ತಿರುಗಿಸಿ, "ಏನಂದೆ?" ಎಂದರು. ಅಷ್ಟರಲ್ಲಿ ಮರ ಉಜ್ಜಿ ನುಣುಪು ಮಾಡುವ ಬೆಲ್ಟ್ ಸ್ಯಾಂಡರಿನ ಮರಳುಕಾಗದದ ಪಟ್ಟಿ ನಿಂತ ಜಾಗದಲ್ಲೇ ಗರಗರ ಸುತ್ತಿ, ಮೇಜಿನ ಹಲಗೆಯಲ್ಲಿ ಮೂರನೆಯ ತಗ್ಗು ತೋಡಿತು. ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಅದು ಅವಳು ಬಟ್ಟೆ ಕತ್ತರಿಸುವ ಮೇಜು. ಗಟ್ಟಿ ಮರದ ಹಳೆಯ ಬಾಗಿಲನ್ನು ಮಲಗಿಸಿ ಕಾಲು ಹೊಡೆಸಿದ್ದು. ರಂಗಮಂದಿರದ ಪರದೆಗೆಂದು ಬಂದ ಸ್ಯಾಟಿನ್ ಬಟ್ಟೆಯ ಅಂಚು ಬೆಳಿಗ್ಗೆ ಅದರ ಸಿಬಿರಿಗೆ ಸಿಕ್ಕಿ ಎಳೆ ಬಿಟ್ಟಿತ್ತು. ಇನ್ನೊಂದು ಎಳೆ ಕಿತ್ತರೆ ಥಾನು ದಂಡ, ಇಷ್ಟು ದಿನ ಕಾದು ಗಿಟ್ಟಿಸಿದ ಕೆಲಸವೂ ಕೈತಪ್ಪಿದಂತೆ. ನಾಳೆ ಪರದೆ ಕೊಡಬೇಕು.

"ನಾನಿಲ್ವಾ?" ಎಂದು ಯಜಮಾನರೇ ಪಕ್ಕದ ಬಡಗಿಯಿಂದ ಮಿಷನ್ ತಂದಿದ್ದರು. ಆಯುಷ್ಯವೆಲ್ಲ ಬಸ್ಸು ಓಡಿಸಿದವರು. ಮಿಷನ್ ಮುಂದಕ್ಕೆ ಜಗ್ಗಿದಾಗಲೆಲ್ಲ ಬ್ರೇಕ್ ಒತ್ತಿದ ಹಾಗೆ ಮೈಭಾರ ಹಾಕಿ ಅದುಮುತ್ತಿದ್ದರು. ಓಡಿಸುತ್ತಾ ಮಾತಾಡಬಾರದು, ನಿಲ್ಲಿಸಿ ಮಾತಾಡಬೇಕು ಎಂಬುದು ಅವರ ಶಿಸ್ತು. ಇಲ್ಲಿ ಕೈ ನಿಲ್ಲುತ್ತಿತ್ತು, ಸ್ವಿಚ್ಚಿನ ಮೇಲಿನ ಬೆರಳು ಮಾತ್ರ ಬಿಡುತ್ತಿರಲಿಲ್ಲ.

"ಮೂಗಿಗೆ ಬಟ್ಟೆ ಕಟ್ಕೊಳ್ಳಿ" ಎಂದಾಗ ಮೊದಲನೆಯ ತಗ್ಗು ಬಿತ್ತು. "ಅಡ್ಡಡ್ಡ ಬೇಡ, ಮರದ ಎಳೆ ಹಿಡ್ದು ಉಜ್ಜಿ" ಎಂದಾಗ ಎರಡನೆಯದು. ನೆನಪಿಸಿಕೊಂಡಷ್ಟೂ ಅವಳಿಗೆ ಸಿಟ್ಟೇರಿತು. ತೋಡಿದ್ದು ಅವರ ಕೈ, ತೋಡಿಸಿದ್ದು ತನ್ನ ಬಾಯಿ! ಬಾಯಿಗೆ ಬೀಗ ಹಾಕಿಕೊಂಡು ಗೋಡೆಗೊರಗಿ ನಿಂತಳು.

ಮಿಷನ್ ಹೋಯಿತು, ಬಂತು. ಮತ್ತೆ ಹೋಯಿತು. ಯಜಮಾನರಿಗೆ ಕಸಿವಿಸಿ. ಮದುವೆಯಾದಂದಿನಿಂದ ಅವಳು ಇಷ್ಟು ಹೊತ್ತು ಸುಮ್ಮನಿದ್ದದ್ದೇ ಇಲ್ಲ.

"ಯಾಕೆ, ಏನಾಯ್ತೇ? ಮಾತೇ ಇಲ್ಲ?"

ನಿಂತೇ ಬಿಟ್ಟರು. ನಾಲ್ಕನೆಯದು ಎಲ್ಲಕ್ಕಿಂತ ಆಳವಾಗಿ ಬಿತ್ತು. ಮೌನ ಬಂಗಾರ ಎಂದವರು ಈ ಮಿಷನ್ ಕಂಡಿರಲಿಕ್ಕಿಲ್ಲ.

ಅವಳು ಹೋಗಿ ಪ್ಲಗ್ ಕಿತ್ತಳು. "ಕೊಡಿ ಇಲ್ಲಿ."

"ನಿನ್ ಕೈಲಾಗಲ್ಲ ಕಣೇ, ಎಳ್ಕೊಂಡು ಹೋಗುತ್ತೆ."

"ಇಸ್ತ್ರಿ ಪೆಟ್ಟಿಗೆ ನಿಂತ್ರೆ ಬಟ್ಟೆ ಸುಡುತ್ತೆ. ಇದು ನಿಂತ್ರೆ ಮರ ತಿನ್ನುತ್ತೆ. ಅಷ್ಟೇ ತಾನೆ? ಸರೀರಿ ಆ ಕಡೆ."

ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನು ತೆಗೆದಿಟ್ಟಳು. ಜಡೆಯನ್ನು ತುರುಬು ಕಟ್ಟಿ, ಮೂಗಿಗೆ ಬಟ್ಟೆ ಬಿಗಿದು, ಸ್ವಿಚ್ ಆಫ್ ಇದೆಯೇ ಎಂದು ನೋಡಿ ಪ್ಲಗ್ ಹಾಕಿದಳು. ವೈರನ್ನು ಹೆಗಲ ಹಿಂದಕ್ಕೆ ಎಸೆದು, ಮಿಷನ್ನನ್ನು ಗಾಳಿಯಲ್ಲೇ ಚಾಲೂ ಮಾಡಿ, ಓಡುತ್ತಿರುವಂತೆಯೇ ಹಲಗೆಗೆ ಇಳಿಸಿದಳು. ಜಗ್ಗಿತು ನಿಜ. ಆದರೂ ಅವಳು ಅದುಮಲಿಲ್ಲ, ಅದರ ಭಾರಕ್ಕೇ ಬಿಟ್ಟು ಎರಡು ಕೈಯಲ್ಲಿ ದಾರಿ ತೋರಿಸಿದಳಷ್ಟೆ. ತಗ್ಗುಗಳ ಅಂಚು ನಿಧಾನಕ್ಕೆ ಕರಗುತ್ತಾ ಬಂತು. ಮೂರು ಸಮವಾದವು. ನಾಲ್ಕನೆಯದು ಪೂರ್ತಿ ಹೋಗಲಿಲ್ಲ, ಆದರೆ ಸ್ಯಾಟಿನ್ನನ್ನು ಹಿಡಿದೆಳೆಯುವ ಸಿಬಿರು ಅಲ್ಲೂ ಉಳಿಯಲಿಲ್ಲ.

ಅವಳು ಒರಗಿದ್ದ ಗೋಡೆಗೆ ಈಗ ಯಜಮಾನರು ಒರಗಿದ್ದರು. ಅಲ್ಲಿಂದಲೇ ಅಂದರು.

"ತಪ್ಪು ನಂದೇ ಕಣೇ."

ಇಷ್ಟು ವರ್ಷಗಳಲ್ಲಿ ಅವರ ಬಾಯಿಂದ ಬರದ ಮಾತು. ಅಷ್ಟು ಗದ್ದಲದಲ್ಲೂ ಅವಳಿಗೆ ಕೇಳಿಸಿತು.

"ಕೇಳಿಸ್ತಾ?"

ಅವಳು ತಿರುಗಲಿಲ್ಲ. ಮಿಷನ್ ಮೇಜಿನ ಆ ತುದಿ ಮುಟ್ಟಿ, ಅದೇ ಹದದಲ್ಲಿ ಈ ತುದಿಗೆ ಬಂತು.